ಕತ್ತರಿಯ ತಾತ್ಪರ್ಯ

ಚಲಚ್ಚಿತ್ರವನ್ನು ನೋಡಲು ಕುಳಿತಾಗ ಕಥೆ ಮೊದಲಾಗುವುದಕ್ಕೆ ಮುಂಚೆ ತೆರೆಯ ಮೇಲೆ ಹೆಸರುಗಳ ಸಾಲು ಸಾಗಿಹೋಗುವುದಷ್ಟೆ. ನಾಯಕನಾರು, ನಾಯಕಿ ಯಾರು, ಹಾಡಿದವರಾರು ಎಂಬುದನ್ನು ಮನೆಮಂದಿಯೆಲ್ಲರೂ ಆಸಕ್ತಿಯಿಂದ ಓದುವರು. ಅವುಗಳ ನಡುವೆ ‘ಸಂಕಲನ’ ಎಂಬ ಒಂದು ಮಾತೂ ಅದರ ಕೆಳಗೆ ಒಂದು ಹೆಸರೂ ಬರುವುವು. ಅಷ್ಟರಲ್ಲಿ ಒಬ್ಬರು ಕಿಟಕಿ ಮುಚ್ಚಲು ಏಳುವರು, ಇನ್ನೊಬ್ಬರು ಚಕ್ಕುಲಿಯ ತಟ್ಟೆ ತರಲು ಒಳಗೆ ಹೋಗುವರು. ಆ ಹೆಸರಿನವರು ಮಾಡಿದ ಕೆಲಸವೇನೆಂದು ಕೇಳಿದರೆ, ಬಲ್ಲವರೂ ‘ಬೇಡದ್ದನ್ನು ಕತ್ತರಿಸುವವರು’ ಎಂದಿಷ್ಟು ಹೇಳಿ ಸುಮ್ಮನಾಗುವರು. ಈ ಉತ್ತರ ಸುಳ್ಳಲ್ಲ. ಆದರೆ ಅಡಿಗೆಯೆಂದರೆ ತರಕಾರಿ ಹೆಚ್ಚುವುದು ಎಂದು ಹೇಳಿದರೆ ಎಷ್ಟು ನಿಜವೋ ಇದೂ ಅಷ್ಟೇ ನಿಜ.

ಸಿನಿಮಾದವರ ಕತ್ತರಿಯ ಗೊಡವೆ ಗೃಹಸ್ಥರಾದ ನಮಗೇಕೆ ಎಂದು ಹಿರಿಯರಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಹಿಂದೆ ಚಿತ್ರವನ್ನು ನೋಡಬೇಕಾದರೆ ನಾವು ಅದಿರುವಲ್ಲಿಗೆ ಹೋಗಬೇಕಾಗಿತ್ತು; ಈಗ ಅದೇ ನಮ್ಮ ನಡುಮನೆಗೆ ಬಂದು ಕುಳಿತಿದೆ, ಅಂಗೈಯೊಳಗೂ ಬಂದು ಸೇರಿದೆ. ದೂರದ ಊರಿನ ಸಮಾಚಾರ, ಚುನಾವಣೆಯ ಭಾಷಣ, ಪ್ರವಾಹದ ಸಂಕಟ, ಇವುಗಳಲ್ಲಿ ಬಹುಭಾಗವನ್ನು ನಾವು ತಿಳಿಯುವುದು ಯಾರೋ ಕತ್ತರಿಸಿ, ಯಾರೋ ಜೋಡಿಸಿಕೊಟ್ಟ ಚಿತ್ರಗಳಿಂದಲೇ. ಸಂತೆಗೆ ಹೋಗುವವನಿಗೆ ತಕ್ಕಡಿಯ ಮರ್ಮ ತಿಳಿದಿರಬೇಕು. ಚಿತ್ರದಿಂದ ಲೋಕವನ್ನು ತಿಳಿಯುವವನಿಗೆ ಕತ್ತರಿಯ ಮರ್ಮ ತಿಳಿದಿರಬೇಕು.

ಮೊದಲು ಈ ವಿದ್ಯೆ ಹುಟ್ಟಿದ ಬಗೆಯನ್ನು ನೋಡೋಣ. 1895ನೆಯ ಇಸವಿ ಡಿಸೆಂಬರ್ 28ರಂದು ಪ್ಯಾರಿಸ್ ನಗರದ ಒಂದು ಕಾಫಿಗೃಹದಲ್ಲಿ ಲೂಮಿಯೇರ್ ಸಹೋದರರು ಹಣ ತೆಗೆದುಕೊಂಡು ಸಾರ್ವಜನಿಕರಿಗೆ ಚಲಚ್ಚಿತ್ರಗಳನ್ನು ತೋರಿಸಿದರು. ಒಂದೊಂದು ಚಿತ್ರವೂ ಒಂದು ನಿಮಿಷದೊಳಗೆ ಮುಗಿಯತಕ್ಕದ್ದು. ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವರು. ತಂದೆತಾಯಿಗಳು ಕೂಸಿಗೆ ಉಣ್ಣಿಸುವರು. ಅಷ್ಟರಲ್ಲಿ ಫಿಲ್ಮು ಮುಗಿದುಹೋಗುವುದು. ಅಲ್ಲಿ ಕತ್ತರಿಗೆ ಕೆಲಸವೇ ಇರಲಿಲ್ಲ. ಮುಂದೆ 1903ರಲ್ಲಿ ಅಮೆರಿಕೆಯ ಎಡ್ವಿನ್ ಪೋರ್ಟರ್ ಎಂಬಾತನು ರೈಲು ದರೋಡೆಯ ಕಥೆಯೊಂದನ್ನು ಚಿತ್ರಿಸಿದನು. ಅದರಲ್ಲಿ ಕಳ್ಳರು ಲೂಟಿಮಾಡಿ ಓಡುವರು. ಆಮೇಲೆ ಅವರು ಕಟ್ಟಿಹಾಕಿ ಬಂದ ತಂತಿ ಗುಮಾಸ್ತನನ್ನು ಅವನ ಪುಟ್ಟ ಮಗಳು ಬಂದು ಬಿಡಿಸುವಳು. ‘ಅತ್ತ ಹಾಗಿರಲು ಇತ್ತ ಏನಾಯಿತೆಂದರೆ’ ಎಂದು ನಮ್ಮ ಹರಿಕಥೆಯ ದಾಸರು ಚಿಟಿಕೆ ಹಾಕುತ್ತ ಕೇಳುಗರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕರೆದೊಯ್ಯುವರಲ್ಲವೆ? ಆ ‘ಅತ್ತ–ಇತ್ತ’ಗಳ ಕೆಲಸವನ್ನು ಚಲಚ್ಚಿತ್ರದಲ್ಲಿ ಕತ್ತರಿಯು ವಹಿಸಿಕೊಂಡಿತು.

ಈಗ ಒಂದು ಶಾಸ್ತ್ರದ ಮಾತು. ತರ್ಕಶಾಸ್ತ್ರದ ಬಾಲಪಾಠವನ್ನು ಓದಿದವರಿಗೆಲ್ಲ ಇದು ನೆನಪಿರುವುದು. ಬಿಡಿಬಿಡಿಯಾದ ಪದಗಳು ಸೇರಿ ವಾಕ್ಯವಾಗಬೇಕಾದರೆ ಮೂರು ಅಂಗಗಳು ಬೇಕು: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ‘ಹಸು, ಕುದುರೆ, ಮನುಷ್ಯ, ಆನೆ’ ಎಂದರೆ ವಾಕ್ಯವಾಗಲಿಲ್ಲ, ಏಕೆಂದರೆ ಒಂದು ಪದವು ಇನ್ನೊಂದನ್ನು ಬಯಸುವುದಿಲ್ಲ, ಅಲ್ಲಿ ಆಕಾಂಕ್ಷೆಯಿಲ್ಲ. ‘ಬೆಂಕಿಯಿಂದ ತೋಯಿಸು’ ಎಂದರೆ ಅರ್ಥ ಕೂಡುವುದಿಲ್ಲ, ಅಲ್ಲಿ ಯೋಗ್ಯತೆಯಿಲ್ಲ. ‘ಹಸುವನ್ನು’ ಎಂದು ಈಗ ಹೇಳಿ ‘ತಾ’ ಎಂದು ಒಂದು ಜಾವ ಕಳೆದ ಮೇಲೆ ಹೇಳಿದರೆ ಕೇಳುವವನಿಗೆ ಏನೂ ತಿಳಿಯುವುದಿಲ್ಲ, ಅಲ್ಲಿ ಸನ್ನಿಧಿಯಿಲ್ಲ. ಇವುಗಳ ಜೊತೆಗೆ ನಾಲ್ಕನೆಯದಾಗಿ ತಾತ್ಪರ್ಯ, ಎಂದರೆ ಹೇಳುವವನ ಅಭಿಪ್ರಾಯ, ತಿಳಿಯಬೇಕೆಂದು ಕೆಲವರು ಸೇರಿಸುವರು.

ಚಲಚ್ಚಿತ್ರದ ಸಂಕಲನವೂ ಇದೇ ವ್ಯಾಕರಣದಂತೆ ನಡೆಯುವುದು. ಒಬ್ಬಳು ತಾಯಿ ಬೆಚ್ಚಿ ಬಾಗಿಲ ಕಡೆಗೆ ತಿರುಗಿದಳು ಎನ್ನಿ. ಅವಳು ಕಂಡದ್ದೇನೆಂದು ನಮ್ಮ ಮನಸ್ಸು ತವಕಿಸುವುದು, ಇದು ಆಕಾಂಕ್ಷೆ. ಮರುಕ್ಷಣ ಬಾಗಿಲಲ್ಲಿ ನಿಂತ ಮಗನನ್ನು ತೋರಿಸಿದರೆ ಆ ಆಕಾಂಕ್ಷೆ ತೀರಿತು. ಒಂದು ತುಣುಕಿನಲ್ಲಿ ಬಲಗೈಯಲ್ಲಿದ್ದ ಕೊಡೆ ಮುಂದಿನ ತುಣುಕಿನಲ್ಲಿ ಎಡಗೈಗೆ ಬಂದಿದ್ದರೆ ಯೋಗ್ಯತೆ ಕೆಟ್ಟಿತು. ಇನ್ನು ಸನ್ನಿಧಿಯ ಮಹಿಮೆಯನ್ನಂತೂ ರಷ್ಯ ದೇಶದ ಲೆವ್ ಕುಲೆಶೋವ್ ಎಂಬ ಉಪಾಧ್ಯಾಯನು ಸುಮಾರು 1920ರ ಹೊತ್ತಿಗೆ ಪರೀಕ್ಷೆಮಾಡಿ ತೋರಿಸಿದನು. ಆ ಪರೀಕ್ಷೆಯ ವಿವರವನ್ನು ಅವನ ಶಿಷ್ಯನಾದ ಪುಡೋವ್‌ಕಿನ್ ಬರೆದಿಟ್ಟಿರುವನು. ಮೊಝುಖಿನ್ ಎಂಬ ಪ್ರಸಿದ್ಧ ನಟನ ಮುಖದ ಒಂದು ತುಣುಕನ್ನು ಅವರು ಆರಿಸಿದರು. ಆ ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಅದನ್ನೇ ಒಮ್ಮೆ ಸಾರಿನ ಬಟ್ಟಲಿನ ಚಿತ್ರದೊಡನೆ, ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸಿನ ಚಿತ್ರದೊಡನೆ, ಒಮ್ಮೆ ಗೊಂಬೆಯಾಡುವ ಹುಡುಗಿಯ ಚಿತ್ರದೊಡನೆ ಜೋಡಿಸಿದರು. ನೋಡಿದವರು ನಟನ ಅಭಿನಯವನ್ನು ಬಹುವಾಗಿ ಹೊಗಳಿದರಂತೆ: ಮರೆತ ಊಟದ ಮುಂದೆ ಎಂತಹ ಚಿಂತೆ, ಸತ್ತವಳ ಮುಂದೆ ಎಂತಹ ಶೋಕ, ಮಗುವಿನ ಮುಂದೆ ಎಂತಹ ಮಂದಹಾಸ! ಮುಖವೋ ಮೂರು ಸಲವೂ ಒಂದೇ ಆಗಿತ್ತು. ಶೋಕವಿದ್ದದ್ದು ಮುಖದಲ್ಲಲ್ಲ, ಶವದ ಚಿತ್ರದಲ್ಲಿಯೂ ಅಲ್ಲ. ಎರಡರ ಸನ್ನಿಧಿಯಲ್ಲಿ ನೋಡುವವನ ಚಿತ್ತದೊಳಗೆ ಅದು ಹುಟ್ಟಿತು. ಹೊಸ್ತಿಲ ಮೇಲಿಟ್ಟ ದೀಪ ಒಳಗನ್ನೂ ಹೊರಗನ್ನೂ ಬೆಳಗುವುದೆಂಬ ದೇಹಲೀದೀಪನ್ಯಾಯವನ್ನು ನಮ್ಮವರು ಹೇಳುವರು. ನಡುವೆ ಇಟ್ಟ ಒಂದು ತುಣುಕು ತನ್ನ ಹಿಂದಿನದಕ್ಕೂ ಮುಂದಿನದಕ್ಕೂ ಹಾಗೆಯೇ ಅರ್ಥ ಕೊಡುವುದು.

ಇದೇ ತತ್ತ್ವವನ್ನು ಹಿಡಿದು ಐಸೆನ್‌ಸ್ಟೈನ್ ಎಂಬ ನಿರ್ದೇಶಕನು 1925ರಲ್ಲಿ ‘ಬ್ಯಾಟಲ್‌ಶಿಪ್ ಪೊಟೆಮ್‌ಕಿನ್’ ಎಂಬ ಚಿತ್ರವನ್ನು ಮಾಡಿದನು. ಅದರಲ್ಲಿ ಫಿರಂಗಿಗಳು ಗರ್ಜಿಸಿದೊಡನೆ ಕಲ್ಲಿನ ಸಿಂಹವೊಂದು ನಿದ್ದೆಯಿಂದೆಚ್ಚತ್ತು ಎದ್ದು ನಿಲ್ಲುವುದು. ಕಲ್ಲು ಏಳುವುದುಂಟೆ? ಕ್ರೈಮಿಯದ ಒಂದು ಅರಮನೆಯ ಸೋಪಾನದಲ್ಲಿ ಮಲಗಿದ ಸಿಂಹ, ತಲೆಯೆತ್ತಿದ ಸಿಂಹ, ಎದ್ದು ಕುಳಿತ ಸಿಂಹ ಎಂದು ಬೇರೆಬೇರೆ ವಿಗ್ರಹಗಳಿದ್ದುವು. ಮೂರನ್ನೂ ಚಿತ್ರಿಸಿ ಒಂದರ ಹಿಂದೊಂದರಂತೆ ಕ್ಷಣಕ್ಷಣ ತೋರಿಸಿದುದರಿಂದ ಒಂದೇ ಸಿಂಹ ಎದ್ದಂತಾಯಿತು. ಲೋಕದಲ್ಲಿ ಎಲ್ಲಿಯೂ ಇಲ್ಲದ ಸಿಂಹವನ್ನು ಕತ್ತರಿ ಸೃಷ್ಟಿಸಿತು. ಕಥೆಯೆಂದು ತಿಳಿದು ನೋಡುವಲ್ಲಿ ಇದು ಕಾವ್ಯ. ಇದರಿಂದ ಯಾರಿಗೂ ಮೋಸವಿಲ್ಲ.

ಈ ಕೆಲಸದ ಶ್ರಮವೆಷ್ಟೆಂಬುದನ್ನೂ ಹೇಳಬೇಕು. ಸಾಧಾರಣವಾದ 35 ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ಒಂದು ಅಡಿಗೆ 16 ಚಿತ್ರಗಳು. ವಾಕ್ಚಿತ್ರಗಳಲ್ಲಿ ಸೆಕೆಂಡಿಗೆ 24 ಚಿತ್ರಗಳು ಸಾಗುವುವಾದುದರಿಂದ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಕಥೆಗೆ 13,500 ಅಡಿ. ಇದು ನಾವು ನೋಡುವ ಮೊತ್ತ. ಇದನ್ನು ಎಷ್ಟು ರಾಶಿಯೊಳಗಿಂದ ಆರಿಸಿ ತೆಗೆಯುವರೆಂಬುದಕ್ಕೆ ಮಿತಿಯಿಲ್ಲ. 1979ರಲ್ಲಿ ಹೊರಬಂದ ‘ಅಪೊಕ್ಯಾಲಿಪ್ಸ್ ನೌ’ ಎಂಬ ಅಮೆರಿಕದ ಚಿತ್ರಕ್ಕಾಗಿ ತೆಗೆದ ಫಿಲ್ಮು 12 ಲಕ್ಷ 50 ಸಾವಿರ ಅಡಿ, ಎಂದರೆ 230 ಗಂಟೆಗಳಿಗೂ ಹೆಚ್ಚು. ಅದರಲ್ಲಿ ಉಳಿದುದು ಸುಮಾರು ಎರಡು ಗಂಟೆ ಇಪ್ಪತ್ತೈದು ನಿಮಿಷ. ಆ ಚಿತ್ರದ ಸಂಕಲನಕಾರರಲ್ಲೊಬ್ಬರಾದ ವಾಲ್ಟರ್ ಮರ್ಚ್ ಎಂಬುವರು ಮುಗಿದ ಮೇಲೆ ಲೆಕ್ಕ ಹಾಕಿ ನೋಡಿದರು: ಒಬ್ಬ ಸಂಕಲನಕಾರನಿಗೆ ದಿನವೊಂದಕ್ಕೆ ಒಂದೂವರೆ ಜೋಡಣೆಯೂ ಬೀಳಲಿಲ್ಲ. ಉಳಿದ ಹೊತ್ತೆಲ್ಲ ನೋಡುವುದು, ಜೋಡಿಸುವುದು, ಬಿಚ್ಚುವುದು, ಮತ್ತೆ ಯೋಚಿಸುವುದು. ಅಕ್ಕಿ ಆರಿಸುವವಳು ಮೊರ ಹಿಡಿದು ಕುಳಿತಷ್ಟು ಹೊತ್ತೂ ಅವಳ ಕೆಲಸ ನಡೆಯುತ್ತಲೇ ಇರುವುದು. ಆರಿಸಿ ಬಿಸುಟ ಕಲ್ಲುಗಳನ್ನು ಮಾತ್ರ ಎಣಿಸಿ ಕೂಲಿ ಕಟ್ಟಲಾಗದು.

ಅದೇ ಮರ್ಚ್ ಅವರು ಇನ್ನೊಂದು ಸಂಗತಿಯನ್ನು ಕಂಡುಕೊಂಡರು. ಒಬ್ಬ ನಟನ ತುಣುಕನ್ನು ಎಲ್ಲಿ ಕತ್ತರಿಸಬೇಕೆಂದು ತಮಗೆ ತೋರುತ್ತಿತ್ತೋ, ಹೆಚ್ಚುಕಡಿಮೆ ಅಲ್ಲಿಯೇ ಆ ನಟನು ಕಣ್ಣು ಮಿಟುಕಿಸುತ್ತಿದ್ದನಂತೆ. ಮನುಷ್ಯನು ಒಂದು ಭಾವವನ್ನು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ರೆಪ್ಪೆ ಬಡಿಯುವನೆಂಬುದು ಅವರ ಅಭಿಪ್ರಾಯ. ದೇವತೆಗಳು ಅನಿಮಿಷರು, ರೆಪ್ಪೆ ಬಡಿಯದವರು. ಅವರಿಗೆ ಎಲ್ಲವೂ ಅಖಂಡವಾಗಿ ಕಾಣಬಹುದು. ಮನುಷ್ಯರಾದ ನಾವು ತುಂಡುತುಂಡಾಗಿ ನೋಡಿ ಕೂಡಿಸಿಕೊಳ್ಳುವವರು. ಆದಕಾರಣವೇ ಒಳ್ಳೆಯ ಸಂಕಲನ ನಮಗೆ ಕಣ್ಣಿಗೆ ಬೀಳುವುದಿಲ್ಲ.

ಉಪಕರಣಗಳ ಮಾತೂ ಸ್ವಲ್ಪ ಬರಲಿ. ಮೊದಮೊದಲು ಸಂಕಲನಕಾರರು ಫಿಲ್ಮನ್ನು ಬೆಳಕಿಗೆ ಹಿಡಿದು, ಅಡಿಯನ್ನು ಅಂದಾಜಿನಿಂದ ಅಳೆದು, ಕತ್ತರಿಯಿಂದ ಕತ್ತರಿಸಿ ಅಂಟಿನಿಂದ ಕೂಡಿಸುತ್ತಿದ್ದರು. 1924ರಲ್ಲಿ ಐವಾನ್ ಸೆರೂರಿಯರ್ ಎಂಬಾತನ ‘ಮೂವಿಯೋಲ’ ಎಂಬ ಯಂತ್ರ ಬಂದಿತು. ಆತನು ಅದನ್ನು ಮೊದಲು ಯೋಚಿಸಿದ್ದು ಮನೆಗಳಲ್ಲಿ ಚಿತ್ರ ನೋಡುವುದಕ್ಕಾಗಿ. ಬೆಲೆ ದುಬಾರಿಯಾಗಿ ಯಾರೂ ಕೊಳ್ಳದೆ ಹೋದಾಗ ಅದೇ ಸಂಕಲನಕಾರರ ಕೈಗೆ ಬಂದು ಅರ್ಧ ಶತಮಾನಕ್ಕೂ ಮೀರಿ ದುಡಿಯಿತು. 1989ರಲ್ಲಿ ‘ಆವಿಡ್’ ಎಂಬ ಗಣಕಯಂತ್ರದ ಸಾಧನ ಹೊರಬಂದಿತು. ಅದರ ಮೂಲಕ ಸಂಕಲನವಾದ ‘ದಿ ಇಂಗ್ಲಿಷ್ ಪೇಷೆಂಟ್’ ಎಂಬ ಚಿತ್ರಕ್ಕಾಗಿ ಮೇಲೆ ಹೇಳಿದ ಮರ್ಚ್ ಅವರಿಗೆ 1997ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಈಗ ಕತ್ತರಿಯೂ ಅಂಟೂ ಹೋಗಿ ಎಲ್ಲವೂ ತೆರೆಯ ಮೇಲಿನ ಗೆರೆಗಳಾಗಿವೆ. ಆದರೂ ಆರಿಸುವ ಬುದ್ಧಿ ಮನುಷ್ಯನದೇ.

ಗೃಹಿಣಿಯರು ತಿಳಿಯಬೇಕಾದ ವಿಷಯವೊಂದುಂಟು. ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಸ್ತ್ರೀಯರು ಬಹುಮಂದಿ. ಅಮೆರಿಕೆಯಲ್ಲಿ ಮೊದಲ ದಿನಗಳಲ್ಲಿ ಇದನ್ನು ಹೊಲಿಗೆಯಂತಹ ಕೈಕೆಲಸವೆಂದು ಎಣಿಸಿ ಹುಡುಗಿಯರಿಗೆ ಕೊಡುತ್ತಿದ್ದರು. 1915ರಲ್ಲಿ ಹಾಗೆ ಸೇರಿದ ಮಾರ್ಗರೆಟ್ ಬೂತ್ ಎಂಬಾಕೆ ಮುಂದೆ ಎಂಜಿಎಂ ಎಂಬ ದೊಡ್ಡ ಕಂಪೆನಿಯ ಸಂಕಲನ ವಿಭಾಗಕ್ಕೇ ಮೇಲ್ವಿಚಾರಕಿಯಾಗಿ 1968ರ ವರೆಗೆ ದುಡಿದರು. 1940ರಲ್ಲಿ ತೆರೆಕಂಡ ಚಿತ್ರವೊಂದಕ್ಕಾಗಿ ಆನ್ ಬಾಕೆನ್ಸ್ ಎಂಬಾಕೆ ಸಂಕಲನದ ಆಸ್ಕರ್ ಪಡೆದ ಮೊದಲ ಸ್ತ್ರೀಯಾದರು. ತೆಲ್ಮಾ ಸ್ಕೂನ್‌ಮೇಕರ್ ಅವರು ಅದೇ ಪ್ರಶಸ್ತಿಯನ್ನು ಮೂರು ಸಲ ಪಡೆದಿರುವರು. ನಮ್ಮ ದೇಶದಲ್ಲಿಯೂ ಹೀಗೆಯೇ. ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ಮಾಡಿದಾಗ ಅವರ ಪತ್ನಿ ಸರಸ್ವತೀಬಾಯಿಯವರು ಮನೆಯಲ್ಲಿ ಕೆಲಸಗಾರರಿಗೆಲ್ಲ ಅಡಿಗೆ ಮಾಡಿ ಬಡಿಸಿ, ಉಳಿದ ಹೊತ್ತಿನಲ್ಲಿ ಫಿಲ್ಮಿನ ಅಂಚಿಗೆ ರಂಧ್ರ ಕೊರೆಯುವುದನ್ನೂ ಅದನ್ನು ರಸಾಯನದಲ್ಲಿ ತೊಳೆಯುವುದನ್ನೂ ಕಲಿತು ನಡೆಸಿದರು. ಪುಣೆಯ ಸಂಸ್ಥೆಯಲ್ಲಿ ಓದಿದ ರೇಣು ಸಲೂಜಾ ಅವರು ಸಂಕಲನಕ್ಕಾಗಿ ನಾಲ್ಕು ರಾಷ್ಟ್ರಪ್ರಶಸ್ತಿಗಳನ್ನು ಪಡೆದು 2000ದಲ್ಲಿ ತೀರಿಕೊಂಡರು. ಕನ್ನಡ ಚಿತ್ರರಂಗದಲ್ಲಿ ಹೆಸರಾದ ಸುರೇಶ್ ಅರಸ್ ಅವರಿಗೆ 1995ರ ‘ಬಾಂಬೆ’ ಎಂಬ ತಮಿಳು ಚಿತ್ರದ ಸಂಕಲನಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದಿತು.

ಇಲ್ಲಿಯ ವರೆಗೆ ಹೇಳಿದುದು ಕಥೆಯ ಮಾತು. ಇನ್ನು ನಡುಮನೆಯ ಟೀವಿಗೆ ಬರೋಣ. ಧಾರಾವಾಹಿಗಳಲ್ಲಿ ಸೊಸೆಯ ಮುಖವನ್ನು ಗುಡುಗಿನ ಸದ್ದಿನೊಡನೆ ಮೂರು ಮೂರು ಸಲ ತೋರಿಸುವುದನ್ನು ಕಂಡು ಮಕ್ಕಳೂ ನಗುವರು. ಅಲ್ಲಿ ಕತ್ತರಿ ಬಹಿರಂಗ, ಅಪಾಯವಿಲ್ಲ. ಅಪಾಯವಿರುವುದು ವಾರ್ತೆಯಲ್ಲಿ. ಒಬ್ಬ ಗಣ್ಯರು ಒಂದು ಗಂಟೆ ಮಾತನಾಡಿದರು. ಅದನ್ನು ಎರಡು ನಿಮಿಷಕ್ಕೆ ಇಳಿಸಿ ತೋರಿಸಬೇಕು. ಇದು ಅನಿವಾರ್ಯ, ತಪ್ಪೂ ಅಲ್ಲ. ಸಂಗ್ರಹವೆಂಬುದು ವಿದ್ವಾಂಸರಿಗೂ ಭೂಷಣವೇ. ಆದರೆ ಒಂದೇ ಮುಖವನ್ನು ತೋರಿಸುತ್ತಿರುವಾಗ ನಡುವೆ ಕತ್ತರಿಸಿದರೆ ತಲೆ ತಟಕ್ಕನೆ ನೆಗೆದಂತೆ ಕಾಣುವುದು. ಅದನ್ನು ಮರೆಮಾಡುವುದಕ್ಕಾಗಿ ಆ ಜಾಗದಲ್ಲಿ ಬೇರೊಂದು ಚಿತ್ರವನ್ನು ಹೊದಿಸುವರು: ಮೇಜಿನ ಮೇಲಿನ ಕೈ, ಸಭಿಕರ ಸಾಲು, ತಲೆದೂಗುತ್ತಿರುವ ಪ್ರಶ್ನೆಗಾರ. ಆ ತಲೆದೂಗುವಿಕೆಯನ್ನು ಸಂದರ್ಶನ ಮುಗಿದ ಮೇಲೆ ಬೇರೆಯಾಗಿ ಚಿತ್ರಿಸಿಕೊಳ್ಳುವ ಪದ್ಧತಿಯೂ ಆ ವೃತ್ತಿಯಲ್ಲಿ ಇದೆ. ಆದುದರಿಂದ ಮಾತು ಮುಂದುವರಿಯುತ್ತಿರುವಾಗ ಚಿತ್ರವು ಮಾತನಾಡುವವನ ಮುಖವನ್ನು ಬಿಟ್ಟು ಸರಿಯಿತೆಂದರೆ, ಅಲ್ಲಿ ಕತ್ತರಿ ಆಡಿರಬಹುದೆಂದು ತಿಳಿಯಬೇಕು. ಆಡಿದ್ದರೆ ಮೋಸವೆಂದು ಅರ್ಥವಲ್ಲ. ವಿಚಾರಿಸಬೇಕಾದ ಸ್ಥಳವೆಂದು ಅರ್ಥ.

ಮೋಸವೂ ಸತ್ಯವೂ ಬೇರೆಯಾಗುವುದು ನಾಲ್ಕನೆಯ ಅಂಗವಾದ ತಾತ್ಪರ್ಯದಲ್ಲಿ. ಇದಕ್ಕೊಂದು ದೃಷ್ಟಾಂತ ಕೊಡುವೆನು. ರಷ್ಯದ ಚಕ್ರವರ್ತಿಯ ಕಾಲದಲ್ಲಿ ಅರಮನೆಯ ಉತ್ಸವಗಳನ್ನೂ ಮೆರವಣಿಗೆಗಳನ್ನೂ ಚಿತ್ರಗಾರರು ವೈಭವಕ್ಕಾಗಿ ಚಿತ್ರಿಸಿಟ್ಟಿದ್ದರು. ರಾಜ್ಯ ಮಗುಚಿದ ಮೇಲೆ ಎಸ್ಫಿರ್ ಷೂಬ್ ಎಂಬ ಸಂಕಲನಕಾರ್ತಿಯು ಆ ಹಳೆಯ ಫಿಲ್ಮುಗಳನ್ನು ಹುಡುಕಿ ತೆಗೆದು 1927ರಲ್ಲಿ ರಾಜವಂಶದ ಪತನವನ್ನು ಕುರಿತು ಒಂದು ಚಿತ್ರವನ್ನು ಕಟ್ಟಿದಳು. ಹಡಗಿನ ಮೇಲೆ ಕುಣಿದು ಬೆವರೊರಸಿಕೊಳ್ಳುತ್ತಿರುವ ಶ್ರೀಮಂತರ ಪಕ್ಕದಲ್ಲಿ, ಬೆವರು ಸುರಿಸಿ ನೆಲ ಅಗೆಯುತ್ತಿರುವ ಬಡವರನ್ನು ಇಟ್ಟಳು. ವೈಭವವೇ ಆರೋಪಪತ್ರವಾಯಿತು. ಕುಣಿದದ್ದೂ ನಿಜ, ಅಗೆದದ್ದೂ ನಿಜ. ಆದರೆ ಚಕ್ರವರ್ತಿಯ ಚಿತ್ರಗಾರರು ಅಗೆಯುವವರನ್ನು ಕುಣಿಯುವವರ ಪಕ್ಕದಲ್ಲಿ ಎಂದೂ ಇಡುತ್ತಿರಲಿಲ್ಲ; ಷೂಬಳ ಹೊಸ ಸರಕಾರಕ್ಕೂ ತನ್ನದೇ ಆದ ಪ್ರಯೋಜನವಿತ್ತು. ಪ್ರತಿಯೊಂದು ತುಣುಕೂ ನಿಜವಾಗಿರುವಾಗಲೂ ‘ಇದನ್ನು ಇದರ ಪಕ್ಕದಲ್ಲಿ ಇಟ್ಟವರಾರು, ಏತಕ್ಕಾಗಿ?’ ಎಂಬ ಪ್ರಶ್ನೆ ಉಳಿದೇ ಉಳಿಯುವುದು.

ಈಚೆಗೆ ಹಲವು ಮನೆಗಳಲ್ಲಿ ಮಗನೋ ಮಗಳೋ ಸಂಕಲನವನ್ನು ಕಲಿಯುವೆನೆಂದು ಹಟ ಹಿಡಿಯುವುದುಂಟು. ತಂದೆತಾಯಿಗಳು ಗಾಬರಿಯಾಗಬೇಕಾದುದಿಲ್ಲ. ಇದು ಗೌರವದ ವೃತ್ತಿ, ಆದರೆ ಸುಲಭದ್ದಲ್ಲ. ಪುಣೆಯಲ್ಲಿ 1960ರಿಂದಲೂ, ಕಲ್ಕತ್ತೆಯಲ್ಲಿ 1995ರಿಂದಲೂ ಸರಕಾರದ ಸಂಸ್ಥೆಗಳಿದ್ದು ಈ ವಿದ್ಯೆಯನ್ನು ಕ್ರಮವಾಗಿ ಕಲಿಸುತ್ತಿವೆ. ಅಲ್ಲಿಗೆ ಹೋಗಲಾರದವರಿಗೂ ಇಂದು ಬಾಗಿಲು ಮುಚ್ಚಿಲ್ಲ. ‘ಡಾವಿಂಚಿ ರಿಸಾಲ್ವ್’ ಮೊದಲಾದ ಸಂಕಲನ ಸಾಧನಗಳು ಹಣವಿಲ್ಲದೆಯೂ ದೊರೆಯುತ್ತವೆ. ನುರಿತವರು ತಮ್ಮ ಕೆಲಸವನ್ನು ವಿವರಿಸಿ ಹೇಳಿದ ಪಾಠಗಳೂ ಅಂತರಜಾಲದಲ್ಲಿ ಹೇರಳವಾಗಿವೆ. ಎಚ್ಚರವಿಷ್ಟೇ: ಆ ಪಾಠಗಳಲ್ಲಿ ಯಾವ ಗುಂಡಿಯನ್ನು ಒತ್ತಬೇಕೆಂಬುದೇ ಹೆಚ್ಚು, ಎಲ್ಲಿ ಕತ್ತರಿಸಬೇಕು, ಏಕೆ ಕತ್ತರಿಸಬೇಕು ಎಂಬುದು ಕಡಿಮೆ. ಹಾರ್ಮೋನಿಯಮ್ಮಿನ ಮನೆಗಳನ್ನು ಗುರುತಿಸಿದ ಮಾತ್ರಕ್ಕೆ ರಾಗ ಬಾರದು. ಮಕ್ಕಳು ಕಥೆ ಕಾದಂಬರಿಗಳನ್ನು ಓದಲಿ, ಸಂಗೀತವನ್ನು ಕೇಳಲಿ, ಜನರ ಮುಖವನ್ನು ಗಮನಿಸಲಿ. ಕತ್ತಲೆಯ ಕೋಣೆಯಲ್ಲಿ ಗಂಟೆಗಟ್ಟಲೆ ಕುಳಿತು ಒಂದು ಸೆಕೆಂಡಿನ ಕಾಲುಭಾಗಕ್ಕಾಗಿ ಯೋಚಿಸುವ ತಾಳ್ಮೆ, ಚಪ್ಪಾಳೆಯೆಲ್ಲ ನಟರಿಗೆ ಸಂದಾಗ ಸಂತೋಷಪಡುವ ಮನಸ್ಸು, ಇವೆರಡೂ ಇದ್ದರೆ ಧೈರ್ಯವಾಗಿ ಕಳುಹಿಸಬಹುದು.

ಮನೆಯಲ್ಲಿಯೇ ಮಾಡಬಹುದಾದ ಅಭ್ಯಾಸವೊಂದನ್ನು ಸೂಚಿಸುವೆನು. ಒಂದು ಸಂಜೆ ಹತ್ತು ನಿಮಿಷ ಟೀವಿಯ ಸದ್ದನ್ನು ನಿಲ್ಲಿಸಿ ಚಿತ್ರವನ್ನು ಮಾತ್ರ ನೋಡಿರಿ. ಚಿತ್ರ ಬದಲಾದಾಗಲೆಲ್ಲ ಮಕ್ಕಳು ಬೆರಳು ಮಡಿಸಿ ಎಣಿಸಲಿ. ಹತ್ತು ಬೆರಳೂ ಎಷ್ಟು ಬೇಗ ಮುಗಿದುಹೋಗುವುವೆಂದು ಅವರೇ ಬೆರಗಾಗುವರು. ಮರುದಿನ ಚಿತ್ರಕ್ಕೆ ಬೆನ್ನು ಮಾಡಿ ಕುಳಿತು ವಾರ್ತೆಯನ್ನು ಕಿವಿಯಿಂದ ಮಾತ್ರ ಕೇಳಿರಿ. ಹೇಳಿದುದೆಷ್ಟು, ತೋರಿಸಿ ನಂಬಿಸಿದುದೆಷ್ಟು ಎಂಬ ವಿವೇಕ ತಾನಾಗಿಯೇ ಮೂಡುವುದು. ಫೋನಿನಲ್ಲಿ ಅರ್ಧ ನಿಮಿಷದ ತುಣುಕೊಂದು ಬಂದಾಗ ಎರಡು ಪ್ರಶ್ನೆಗಳನ್ನು ಕೇಳುವುದು ವಾಡಿಕೆಯಾಗಲಿ: ಇದಕ್ಕೆ ಮುಂಚೆ ಏನು ನಡೆಯಿತು? ಇದರ ಅನಂತರ ಏನು ನಡೆಯಿತು? ಉತ್ತರ ದೊರೆಯದಿದ್ದರೆ ಅದನ್ನು ಇನ್ನೊಬ್ಬರಿಗೆ ಕಳುಹಿಸದಿರುವುದೇ ಲೇಸು.

ಕಡೆಯದಾಗಿ ಒಂದು ಮಾತು. ಕತ್ತರಿ ಹಿಡಿದವರು ಸಿನಿಮಾದವರು ಮಾತ್ರವಲ್ಲ. ಅತ್ತೆ ಆಡಿದ ಹತ್ತು ಮಾತುಗಳಲ್ಲಿ ಎಂಟು ಪ್ರೀತಿಯವನ್ನು ಬಿಟ್ಟು ಎರಡು ಖಾರದವನ್ನು ಆರಿಸಿ ಸೊಸೆಗೆ ಮುಟ್ಟಿಸುವವರೂ ಸಂಕಲನಕಾರರೇ. ಮುಟ್ಟಿಸಿದ ಮಾತು ಅಕ್ಷರಶಃ ನಿಜವಾಗಿದ್ದರೂ ಮನೆ ಒಡೆಯುವುದು. ಆ ಎರಡು ಮಾತುಗಳನ್ನು ಅಲ್ಲಿಯೇ ಬಿಟ್ಟು, ಎಂಟನ್ನು ಮಾತ್ರ ತಂದು ಹೇಳಿ ಮನೆಯನ್ನು ಉಳಿಸಿದ ಹಿರಿಯ ಮುತ್ತೈದೆಯರನ್ನೂ ನಾವು ಕಂಡಿದ್ದೇವೆ. ಇಬ್ಬರ ಕತ್ತರಿಯೂ ಒಂದೇ; ತಾತ್ಪರ್ಯ ಬೇರೆ.